ಓಡಿಸುವ ಮುಂಚೆ ಕುದುರೆಯ ಕಾಲು ನೋಡೋಣ

ನಮ್ಮ ಕಡೆ ಕುದುರೆ ಗಾಡಿ ಶರ್ಯತ್ತು (ಓಟದ ಪಂದ್ಯ) ಬಂದ್ ಆಗಬೇಕು ಅನ್ನುವವನಲ್ಲ ನಾನು. ಅಥಣಿ, ರಾಯಬಾಗ, ಜಮಖಂಡಿ, ಇಂಡಿ ಕಡೆಯ ಜಾತ್ರೆಗಳಲ್ಲಿ ಕುದುರೆ ಓಡಲಿ. ಆದರೆ ಓಡುವ ಮುಂಚೆ ಅದರ ಕಾಲನ್ನು ತಿಳಿದವರೊಬ್ಬರು ನೋಡಲಿ, ‘ಇವತ್ತು ಇದು ಓಡುವಂತಿಲ್ಲ’ ಎಂದು ಹೇಳುವ ಅಧಿಕಾರ ಅವರಿಗಿರಲಿ. ಇಂಗ್ಲೆಂಡಿಗೆ ಬಂದು ನೆಲೆಸಿ, ಇಲ್ಲಿನ ಈವೆಂಟಿಂಗ್ ಸ್ಪರ್ಧೆಗಳಲ್ಲಿ ಸ್ವಯಂಸೇವಕನಾಗಿ, ಕುದುರೆ ಹಾರಬೇಕಾದ ಬೇಲಿಯ ಪಕ್ಕ ಕೂರಲು ಶುರುಮಾಡಿದ ಮೇಲೆ ಈ ಮಾತು ನನ್ನೊಳಗೆ ಗಟ್ಟಿಯಾಗಿದೆ.

ಈವೆಂಟಿಂಗ್ ಅಂದರೆ ಒಂದೇ ಕುದುರೆ, ಒಬ್ಬನೇ ಸವಾರ, ಮೂರು ಪರೀಕ್ಷೆ. ಸೈನ್ಯದ ಕುದುರೆಗಳ ಪರೀಕ್ಷೆಯಿಂದ ಹುಟ್ಟಿದ ಆಟ ಇದು. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಿಂದ ಒಲಿಂಪಿಕ್ಸ್‌ನಲ್ಲಿದೆ. ಮೊದಲು ಡ್ರೆಸ್ಸಾಜ್, ಕುದುರೆ ಸವಾರನ ಮಾತು ಎಷ್ಟು ಕೇಳುತ್ತದೆ ಎಂಬುದರ ಪರೀಕ್ಷೆ. ಆಮೇಲೆ ಕ್ರಾಸ್ ಕಂಟ್ರಿ: ದಿನ್ನೆ, ತಗ್ಗು, ನೀರು, ಮರದ ದಿಮ್ಮಿ ದಾಟುತ್ತ ಕಿಲೋಮೀಟರುಗಟ್ಟಲೆ ಓಟ. ದೊಡ್ಡ ಸ್ಪರ್ಧೆಗಳಲ್ಲಿ ಕೊನೆಗೆ ಶೋ ಜಂಪಿಂಗ್, ಅಂದರೆ ಅಡ್ಡ ಕೋಲುಗಳ ಬೇಲಿ ಹಾರುವುದು; ಒಂದು ಕೋಲು ಬಿದ್ದರೆ 4 ದಂಡದ ಅಂಕ.

ನಾನು ಕೂರುವುದು ಕ್ರಾಸ್ ಕಂಟ್ರಿಯಲ್ಲಿ. ಕೊರಳಲ್ಲಿ ಸೀಟಿ, ಕೈಯಲ್ಲಿ ವಾಕಿಟಾಕಿ, ತೊಡೆಯ ಮೇಲೆ ಅಂಕದ ಹಾಳೆ. ಕುದುರೆ ಬೇಲಿಯ ಮುಂದೆ ನಿಂತುಬಿಟ್ಟರೆ 20 ಅಂಕ ದಂಡ, ಅದೇ ಬೇಲಿಗೆ ಮತ್ತೆ ನಿಂತರೆ 40, ಮೂರನೆಯ ಸಲ ನಿಂತರೆ ಸ್ಪರ್ಧೆಯಿಂದಲೇ ಹೊರಗೆ. ಕುದುರೆ ಒಲ್ಲೆ ಅಂದರೆ ಆ ಮಾತು ನಡೆಯುತ್ತದೆ. ಹೊಡೆದು ಹೊಡೆದು ದಾಟಿಸಲು ಬಿಡುವುದಿಲ್ಲ, ಚಾಬೂಕಿನ ಬಳಕೆಗೂ ಮಿತಿಯಿದೆ. ನನಗೆ ಇನ್ನೂ ಹೆಚ್ಚು ಹಿಡಿಸಿದ್ದು ಸಮಯದ ಲೆಕ್ಕ. ನಿಗದಿಯ ಸಮಯ ಮೀರಿದರೆ ಸೆಕೆಂಡಿಗೆ 0.4 ಅಂಕ ದಂಡ, ಅದಕ್ಕಿಂತ ಬೇಗ ಬಂದರೆ ಒಂದು ಅಂಕದ ಲಾಭವೂ ಇಲ್ಲ. ಕೆಳಹಂತದ ಸ್ಪರ್ಧೆಗಳಲ್ಲಿ ತೀರಾ ಬೇಗ ಬಂದವರಿಗೂ ದಂಡ ಬೀಳುತ್ತದೆ. ಎಲ್ಲರಿಗಿಂತ ಮುಂದೆ ಬಂದವನೇ ಗೆದ್ದ ಎನ್ನುವ ನಮ್ಮ ಶರ್ಯತ್ತು ನೋಡಿ ಬೆಳೆದವನಿಗೆ ಇದು ಹೊಸದು.

ಸ್ಪರ್ಧೆಗಳು ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ. ಕುದುರೆಗೆ ಕೆಲಸ ಶುರುವಾಗುವುದು ಮಾತ್ರ ಅದಕ್ಕೂ ಎಷ್ಟೋ ಮುಂಚೆ, ನಡುಗುವ ಚಳಿಯಲ್ಲಿ. ಮೊದಲ ಕೆಲವು ವಾರ ಬರೀ ನಡಿಗೆ, ಅದೂ ಗಟ್ಟಿ ರಸ್ತೆಯ ಮೇಲೆ. ಓಡಿಸಿದರೆ ಉಸಿರು ಬೇಗ ಕುದುರುತ್ತದೆ, ಮಾಂಸಖಂಡವೂ ಬೇಗ ತುಂಬುತ್ತದೆ, ಕಾಲಿನ ಸ್ನಾಯುರಜ್ಜು (ಟೆಂಡನ್) ಮತ್ತು ಎಲುಬು ಗಟ್ಟಿಯಾಗುವುದು ಮಾತ್ರ ಬಹಳ ನಿಧಾನ. ಉಸಿರು ಬಂತೆಂದು ಓಡಿಸಿದವನ ಕುದುರೆ ಕಾಲು ಕಳೆದುಕೊಳ್ಳುವುದು ಇಲ್ಲೇ. ಆಮೇಲೆ ಏರು ಹತ್ತಿಸುವುದು, ಬಳಿಕ ಮೂರ್ನಾಲ್ಕು ದಿನಕ್ಕೊಮ್ಮೆ ಬಿಟ್ಟು ಬಿಟ್ಟು ಓಟ: ಐದು ನಿಮಿಷ ಓಡು, ಮೂರು ನಿಮಿಷ ನಡೆ, ಮತ್ತೆ ಓಡು. ವರ್ಷದ ದೊಡ್ಡ ಸ್ಪರ್ಧೆಯ ದಿನ ಗುರುತಿಟ್ಟುಕೊಂಡು ಅಲ್ಲಿಂದ ಹಿಂದಕ್ಕೆ ವಾರ ಎಣಿಸುತ್ತಾರೆ. ನಡುವೆ ನೆಲ ಒಣಗಿ ಕಲ್ಲಾಗಿದ್ದರೆ, ಕಟ್ಟಿದ ಪ್ರವೇಶ ಫೀ ಹೋದರೂ ಸರಿ ಎಂದು ಕುದುರೆಯನ್ನು ಹೊರಳಿಸಿಕೊಂಡು ಹೋಗುವವರನ್ನು ಕಂಡಿದ್ದೇನೆ.

ನಮ್ಮವರು ನೋಡಲೇಬೇಕಾದದ್ದು ಮೂರು ದಿನದ ದೊಡ್ಡ ಸ್ಪರ್ಧೆಗಳ ಕಾಲು ಪರೀಕ್ಷೆ. ಶುರುವಿಗೆ ಮೊದಲೊಮ್ಮೆ, ಕ್ರಾಸ್ ಕಂಟ್ರಿ ಮುಗಿದ ಮೇಲೆ ಜಂಪಿಂಗ್‌ಗೆ ಮುಂಚೆ ಇನ್ನೊಮ್ಮೆ. ಜೀನು ಇರುವುದಿಲ್ಲ. ಗಟ್ಟಿ ನೆಲದ ಪಟ್ಟಿಯ ಮೇಲೆ ಲಗಾಮು ಹಿಡಿದು ನಡೆಸಿ, ಆಮೇಲೆ ತಾವೂ ಪಕ್ಕದಲ್ಲಿ ಓಡುತ್ತ ಓಡಿಸುತ್ತಾರೆ. ತೀರ್ಪುಗಾರರು, ಪಶುವೈದ್ಯರು ಹೋಗುವಾಗ ಹಿಂದಿನಿಂದ, ಬರುವಾಗ ಮುಂದಿನಿಂದ ನೋಡುತ್ತಾರೆ. ಮುಂಗಾಲು ನೋಯುವ ಕುದುರೆ ಆ ಕಾಲು ಊರುವಾಗ ತಲೆ ಮೇಲೆತ್ತುತ್ತದೆ, ಒಳ್ಳೆಯ ಕಾಲು ಊರುವಾಗ ತಗ್ಗಿಸುತ್ತದೆ. ಅನುಮಾನ ಬಂದರೆ ಪಕ್ಕಕ್ಕೆ ಕಳಿಸಿ, ವೈದ್ಯರು ಮುಟ್ಟಿ ನೋಡಿ, ಮತ್ತೆ ಓಡಿಸುತ್ತಾರೆ. ಮೊದಲ ಸ್ಥಾನದಲ್ಲಿರುವ ಕುದುರೆಯಾದರೂ ಅಷ್ಟೇ, ಅವರು ಒಪ್ಪದಿದ್ದರೆ ಅಲ್ಲಿಗೆ ಮುಗಿಯಿತು.

ಇದನ್ನು ಮೊದಲ ಸಲ ನೋಡಿದಾಗ ನನಗೆ ವಿಜಯಪುರದ ನಮ್ಮ ಕಾಕಾ ನೆನಪಾದರು. ಗೋಳಗುಮ್ಮಟದ ಮುಂದೆ ಟಾಂಗಾ ಹೊಡೆದೇ ಮನೆ ನಡೆಸಿದವರು. ದಿನಾ ಮುಂಜಾನೆ ಗಾಡಿ ಕಟ್ಟುವ ಮುಂಚೆ ನಾಲ್ಕೂ ಕಾಲಿಗೆ ಮೊಣಕಾಲಿನಿಂದ ಗೊರಸಿನತನಕ ಅಂಗೈ ಸವರುತ್ತಿದ್ದರು. “ಕಾಲ ಬಿಸಿ ಐತಿ, ಇವತ್ತ ಗಾಡಿ ಕಟ್ಟಂಗಿಲ್ಲ” ಅಂದರೆ ಮುಗಿಯಿತು, ಆ ದಿನದ ದುಡಿಮೆ ಇಲ್ಲ. ಅಂದರೆ ಈ ತಿಳಿವಳಿಕೆ ನಮಗೆ ಹೊರಗಿನಿಂದ ಬರಬೇಕಾಗಿಲ್ಲ. ಭೀಮಾ ತೀರದ ಭೀಮ್‌ಥಡಿ ಕುದುರೆ ಮರಾಠಾ ಅಶ್ವದಳವನ್ನು ಹೊತ್ತ ತಳಿ. ಅದನ್ನು ಸಾಕಿದ ಸೀಮೆಯವರಿಗೆ ಕುದುರೆಯ ಕಾಲು ಯಾರೂ ಕಲಿಸಬೇಕಿಲ್ಲ. ಇಂಗ್ಲೆಂಡಿನವರು ಆ ತಿಳಿವಳಿಕೆಯನ್ನು ನಿಯಮ ಮಾಡಿದ್ದಾರೆ, ನಾವು ಒಬ್ಬೊಬ್ಬರ ಮನಸ್ಸಿಗೆ ಬಿಟ್ಟಿದ್ದೇವೆ. ಕಾಕಾನಂಥವರ ಕೈಯಲ್ಲಿ ಕುದುರೆ ಉಳಿಯುತ್ತದೆ, ಬಹುಮಾನದ ಮೇಲೆ ಕಣ್ಣಿಟ್ಟವನ ಕೈಯಲ್ಲಿ ಉಳಿಯುವುದಿಲ್ಲ. ಬಿಸಿಲಿನಲ್ಲಿ, ಡಾಂಬರು ರಸ್ತೆಯ ಮೇಲೆ, ಹಿಂದೆ ಮುಂದೆ ಬೈಕುಗಳ ಹಾರ್ನು ಕೇಳುತ್ತ ಓಡಿದ ಕುದುರೆ ಗೆದ್ದ ಮೇಲೆ ಕುಂಟುತ್ತ ಟೆಂಪೊ ಹತ್ತುವುದನ್ನು ನಾನು ಊರಿನಲ್ಲಿ ಕಂಡಿದ್ದೇನೆ. ಸುತ್ತ ಗುಲಾಲು ಹಾರುತ್ತಿತ್ತು, ಯಾರೂ ಕೆಳಗೆ ನೋಡಲಿಲ್ಲ.

ಹಾಗಂತ ಇಲ್ಲಿನದೆಲ್ಲ ಚಿನ್ನ ಅನ್ನಲಾರೆ. ಕ್ರಾಸ್ ಕಂಟ್ರಿಯಲ್ಲಿ ಕುದುರೆಗಳೂ ಸವಾರರೂ ಸತ್ತಿದ್ದಾರೆ; ಜೋರಾಗಿ ತಾಗಿದರೆ ದಿಮ್ಮಿ ಕಳಚಿ ಬೀಳುವಂಥ ಪಿನ್ನುಗಳನ್ನು ಬೇಲಿಗಳಿಗೆ ಕೂರಿಸಿದ್ದು ಆ ನೋವಿನಿಂದಲೇ. ಇದು ಹಣವಂತರ ಆಟ. ಬಡವರ ಮಕ್ಕಳು ಹಗ್ಗದ ಆಚೆ ನಿಂತು ನೋಡಬೇಕು. 2018ರ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಬೆಳ್ಳಿ ಗೆದ್ದು, ಟೋಕಿಯೊ ಒಲಿಂಪಿಕ್ಸ್‌ನಲ್ಲಿ 23ನೆಯವರಾದ ನಮ್ಮ ಬೆಂಗಳೂರಿನ ಫವಾದ್ ಮಿರ್ಜಾ ಕೂಡ ತಯಾರಿಗೆ ಜರ್ಮನಿಯಲ್ಲೇ ಇರಬೇಕಾಯಿತು. ನಮ್ಮ ಹಳ್ಳಿಗಳಲ್ಲಿ ಕುದುರೆ ಮನೆಯ ಮುಂದೆಯೇ ನಿಲ್ಲುತ್ತದೆ, ಅವ್ವ ಒಳಗಿಂದ ರೊಟ್ಟಿಯ ಚೂರು ತಂದು ತಿನಿಸುತ್ತಾಳೆ, ಓಣಿಯ ಹುಡುಗರಿಗೆಲ್ಲ ಅದರ ಹೆಸರು ಗೊತ್ತು. ಇದು ಇಲ್ಲಿ ಎಷ್ಟು ದುಡ್ಡು ಕೊಟ್ಟರೂ ಸಿಗುವುದಿಲ್ಲ. ಶರ್ಯತ್ತು ಉಳಿಯಲಿ ಅನ್ನುವುದು ಈ ಕಾರಣಕ್ಕೆ.

ಉಳಿಸುವ ಹೊಣೆ ಜಾತ್ರಾ ಕಮಿಟಿಗಳದು. ಕಂಬಳಕ್ಕೂ ಎತ್ತಿನ ಗಾಡಿ ಓಟಕ್ಕೂ ದಾರಿ ಮಾಡಿದ ಪ್ರಾಣಿ ಹಿಂಸೆ ತಡೆ ಕಾಯ್ದೆಗೆ ರಾಜ್ಯ ತಂದ 2017ರ ತಿದ್ದುಪಡಿಯನ್ನು ಸುಪ್ರೀಂ ಕೋರ್ಟ್ 2023ರಲ್ಲಿ ಎತ್ತಿಹಿಡಿದಿದೆ. ಅದರಲ್ಲಿ ಕುದುರೆಯ ಮಾತಿಲ್ಲ. ನಾಳೆ ಕುದುರೆಗೂ ಅನುಮತಿ ಕೇಳಬೇಕೆಂದರೆ ಕೈಯಲ್ಲಿ ತೋರಿಸಲು ಏನಾದರೂ ಇರಬೇಕು. ಮೂವತ್ತು ನಲವತ್ತು ಮೀಟರ್ ಸಮ ನೆಲ, ಒಬ್ಬ ಪಶುವೈದ್ಯರು, ಓಟದ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಕಾಲು ಪರೀಕ್ಷೆ. ಕೊನೆಗೆ ಕುಂಟಿದ ಕುದುರೆಗೆ ಬಹುಮಾನ ಇಲ್ಲ. ಓಡಿ ಬಂದ ಕುದುರೆಗೆ ನೆರಳು, ಮೈತುಂಬ ತಣ್ಣೀರು, ಉಸಿರು ಇಳಿಯುವತನಕ ನಡಿಗೆ. ಇದಕ್ಕೆ ಲಕ್ಷಗಟ್ಟಲೆ ಖರ್ಚಿಲ್ಲ.

ಕಾಕಾಗೆ ಫೋನಿನಲ್ಲಿ ಹೇಳಿದೆ. “ಡಾಕ್ಟರ್ ಹೊಳ್ಳಿ ಕಳಿಸಿದ್ರ ಮಂದಿ ಜಗಳಕ್ಕ ಬರ್ತಾರ ತಮ್ಮಾ,” ಅಂದರು. “ಫೀ ಅಲ್ಲೇ ವಾಪಸ್ ಕೊಡಬೇಕು, ಆ ಊರಿನ ಡಾಕ್ಟರ್ ಆಗಿರಬಾರದು, ಬ್ಯಾರೆ ತಾಲೂಕಿನಾಂವ ಬರಬೇಕು.” ಕಮಿಟಿಯವರಿಗೆ ನಾನು ಬರೆದ ಪತ್ರದಲ್ಲಿ ಈ ಎರಡನ್ನೂ ಸೇರಿಸಿದ್ದೇನೆ.