ಸ್ಪಷ್ಟನೆ: ಟೆಫ್ಲ್ ಪ್ರಮಾಣಪತ್ರ ಬಿ.ಇಡಿ.ಗೆ ಬದಲಿಯಲ್ಲ

‘120 ಗಂಟೆಯ ಆನ್‌ಲೈನ್ ಟೆಫ್ಲ್ (ಇಂಗ್ಲಿಷ್ ಕಲಿಸುವ ತರಬೇತಿ) ಕೋರ್ಸ್ ಮುಗಿಸಿದರೆ ಸಾಕು, ಸರ್ಕಾರಿ ಶಾಲೆಯ ಇಂಗ್ಲಿಷ್ ಶಿಕ್ಷಕರಾಗಬಹುದು, ಸಂವಿಧಾನದ 371ಜೆ ವಿಧಿ ಇರುವುದರಿಂದ ನಮ್ಮ ಕಲ್ಯಾಣ ಕರ್ನಾಟಕ ಭಾಗಕ್ಕೆ ಬಿ.ಇಡಿ., ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಬೇಡ’ ಎಂಬ ವಾಟ್ಸ್‌ಆ್ಯಪ್ ಸಂದೇಶ ಕಲಬುರಗಿಯಲ್ಲಿ ಹರಿದಾಡುತ್ತಿದೆ. ಇದು ಸುಳ್ಳು. 371ಜೆ ಕೊಡುವುದು ಹುದ್ದೆಗಳಲ್ಲಿ ಮೀಸಲಾತಿಯನ್ನು, ವಿದ್ಯಾರ್ಹತೆಯಲ್ಲಿ ವಿನಾಯಿತಿಯನ್ನಲ್ಲ. 1ರಿಂದ 8ನೇ ತರಗತಿಯ ಶಿಕ್ಷಕರಿಗೆ ವೃತ್ತಿ ತರಬೇತಿಯೂ ಟಿಇಟಿಯೂ ಬೇಕೆಂದು ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು 2010ರಲ್ಲೇ ಗೊತ್ತುಪಡಿಸಿದೆ.

ಹಾಗೆಂದು ಟೆಫ್ಲ್ ಎಂಬುದೇ ಮೋಸವಲ್ಲ. ಅದು ಒಂದು ಸಂಸ್ಥೆಯ ಪದವಿಯಲ್ಲ, ಇಂಗ್ಲಿಷನ್ನು ವಿದೇಶಿ ಭಾಷೆಯಾಗಿ ಕಲಿಸುವ ಕ್ಷೇತ್ರದ ಹೆಸರು, ಅಷ್ಟೇ. ಆ ಹೆಸರಿನಲ್ಲಿ ಯಾರು ಬೇಕಾದರೂ ಪ್ರಮಾಣಪತ್ರ ಅಚ್ಚು ಹಾಕಿಸಬಹುದು; ಜೋಳದ ರೊಟ್ಟಿಯ ಚಿತ್ರ ಹೊಟ್ಟೆ ತುಂಬಿಸುವುದಿಲ್ಲ. ಇಂಗ್ಲಿಷ್ ಕಲಿಸುವವರಿಗೆ ಕೇಂಬ್ರಿಡ್ಜ್ ಕೊಡುವ ಸೆಲ್ಟಾ ಎಂಬ ಪ್ರಮಾಣಪತ್ರದ ಕೋರ್ಸ್ ಕೂಡ ಕನಿಷ್ಠ 120 ಗಂಟೆಯದೇ. ಆದರೆ ಅದರಲ್ಲಿ ನಿಜವಾದ ಕಲಿಕಾರ್ಥಿಗಳ ಎದುರು ಆರು ಗಂಟೆ ಪಾಠ ಮಾಡಲೇಬೇಕು, ತರಬೇತುದಾರರು ಹಿಂದೆ ಕುಳಿತು ತಪ್ಪು ಗುರುತಿಸುತ್ತಾರೆ.