ರಾತ್ರಿ ಮೊಸರು ತಿಂದರೆ ವಿಷ ಆಗಲ್ಲ, ಗಾಬರಿ ಬೇಡ

ಕೋಲಾರದ ನಮ್ಮ ಬೀದಿಯ ವಾಟ್ಸಾಪ್ ಗ್ರೂಪಿನಲ್ಲಿ ಮೂರು ದಿನದಿಂದ ಒಂದೇ ಮೆಸೇಜು: "ಸಂಜೆ 6ರ ಮೇಲೆ ಮೊಸರು ತಿಂದರೆ ಹೊಟ್ಟೆಯಲ್ಲಿ ವಿಷವಾಗುತ್ತದೆ, ಬೆಳಿಗ್ಗೆ ತಿಂದರೆ ಶುಗರ್ ವಾಸಿಯಾಗುತ್ತದೆ." ಎರಡೂ ಸುಳ್ಳು. ಮೊಸರಿಗೇನು ಗಡಿಯಾರ ನೋಡೋಕೆ ಬರುತ್ತದಾ?

ಹೆಪ್ಪಿನಲ್ಲಿರುವ ಬ್ಯಾಕ್ಟೀರಿಯಾ ಹಾಲಿನ ಸಕ್ಕರೆಯನ್ನು ತಿಂದು ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ, ಆ ಹುಳಿಗೆ ಹಾಲು ಗಟ್ಟಿಯಾಗುತ್ತದೆ, ಅಷ್ಟೇ. ಆ ಸಕ್ಕರೆ ಕಡಿಮೆಯಾಗುವುದಕ್ಕೇ, ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವ ಎಷ್ಟೋ ಜನಕ್ಕೆ ಮೊಸರು ಒಗ್ಗುತ್ತದೆ. ಪ್ರೋಟೀನು, ಕ್ಯಾಲ್ಸಿಯಂ, ಬಿ12 ಸಿಗುತ್ತವೆ. ಶುಗರ್ ಇರುವವರು ಸಕ್ಕರೆ ಹಾಕದೆ ತಿನ್ನಬಹುದು, ಆದರೆ ಮಾತ್ರೆ ಬಿಡಬೇಡಿ.

ಆಯುರ್ವೇದದಲ್ಲಿ ರಾತ್ರಿ ಮೊಸರು ಬೇಡ ಎಂಬ ಮಾತು ಇದೆ, ನಿಜ. ಅದನ್ನೇ ಯಾರೋ ಎಳೆದು ವಿಷ ಮಾಡಿದ್ದಾರೆ. ನಮ್ಮಜ್ಜಿ ರಾತ್ರಿ ಮುದ್ದೆ ಬಸ್ಸಾರು ಮುಗಿಸಿ, ತಟ್ಟೆಯಲ್ಲಿ ಉಳಿದ ಸಾರಿನ ಮೇಲೇ ಒಂದು ಹಿಡಿ ಅನ್ನ ಹಾಕಿಕೊಂಡು, ಮೊಸರು ಕಲಸಿ, ಮಾವಿನಕಾಯಿ ಉಪ್ಪಿನಕಾಯಿ ನೆಕ್ಕುತ್ತಾ ತಿನ್ನುತ್ತಿದ್ದರು. ದಿನಾ. ಊಟ ಆದ ತಕ್ಷಣ ಮಲಗಿ ಎದೆ ಉರಿ ಬರುವವರು ಮೊಸರನ್ನು ಬಯ್ಯುವ ಮೊದಲು ಸ್ವಲ್ಪ ಬೇಗ ಊಟ ಮಾಡಿ ನೋಡಿ. ಹಾಲಿನ ಅಲರ್ಜಿ ಇರುವವರ ವಿಷಯ ಬೇರೆ, ಅವರಿಗೆ ಹಗಲಲ್ಲೂ ಬೇಡ.

ಇನ್ನೊಂದು, ಮಜ್ಜಿಗೆ ಹುಳಿ ಕುದಿಸಿದರೆ "ಎಲ್ಲಾ ಸತ್ವ ಹೋಯ್ತು" ಅಂತಲೂ ಆ ಮೆಸೇಜಿನಲ್ಲೇ ಇದೆ. ಸಾಯುವುದು ಬ್ಯಾಕ್ಟೀರಿಯಾ ಮಾತ್ರ, ಕ್ಯಾಲ್ಸಿಯಂ ಪಾತ್ರೆಯಲ್ಲೇ ಇರುತ್ತದೆ.