ಒಂದೇ ಈಡಿನ ಕೋವಿಗೆ ಭಾರದ ಸೀಸದ ಗುಂಡೇ ಆಗಬೇಕೇ?

ಇಬ್ಬರೂ ಅಮೆರಿಕದ ಒಹಾಯೋದಲ್ಲಿರುವ ಕನ್ನಡಿಗರು. ಇಬ್ಬರ ಬಳಿಯೂ .45-70 ತೋಟಾದ ಒಂದೇ ಈಡಿನ, ಅಂದರೆ ಒಂದು ಸಲಕ್ಕೆ ಒಂದೇ ತೋಟಾ ಹಿಡಿಯುವ, ರೈಫಲ್ ಇದೆ. ಲೈಸೆನ್ಸ್ ತೆಗೆದುಕೊಂಡು ಬಿಳಿಬಾಲದ ಜಿಂಕೆ ಬೇಟೆಗೆ ಹೋಗುತ್ತಾರೆ. ಹೊಂದದಿರುವುದು ಗುಂಡಿನ ವಿಷಯದಲ್ಲಿ ಮಾತ್ರ.

ಪರ: ಕೋವಿ ಹುಟ್ಟಿದ್ದೇ ಈ ಗುಂಡಿಗೆ

ಹೆಸರಲ್ಲೇ ಎಲ್ಲ ಇದೆ. .45 ಅಂದರೆ ಗುಂಡಿನ ದಪ್ಪ, ಅರ್ಧ ಇಂಚಿಗೆ ಸ್ವಲ್ಪ ಕಡಿಮೆ. 70 ಅಂದರೆ ಹಿಂದೆ ತುಂಬುತ್ತಿದ್ದ ಕರಿಮದ್ದಿನ ತೂಕ, ಗ್ರೇನ್ ಲೆಕ್ಕದಲ್ಲಿ. 1873ರಲ್ಲಿ ಅಮೆರಿಕದ ಸೈನ್ಯ ಸ್ಪ್ರಿಂಗ್‌ಫೀಲ್ಡ್ ಕೋವಿಗೆ ಈ ತೋಟಾ ತಂದಾಗ ಅದರ ತುದಿಯಲ್ಲಿ ಕೂತಿದ್ದು 405 ಗ್ರೇನಿನ ಸೀಸ. 26 ಗ್ರಾಂ. ಎರಡು ತೊಲಕ್ಕೂ ಮೇಲೆ. ಆಮೇಲೆ 500 ಗ್ರೇನಿನದ್ದನ್ನೂ ತಂದರು. ಭಾರ ಜಾಸ್ತಿ ಮಾಡಿದರೇ ಹೊರತು ಕಡಿಮೆ ಮಾಡಲಿಲ್ಲ. ಇದನ್ನು ಗಮನಿಸಿ.

ನಾನು ಕೊಡಗಿನವನು. ಕೈಲ್ ಪೊಳ್ದ್ ಹಬ್ಬದ ದಿನ ಎತ್ತರದ ಮರಕ್ಕೆ ತೆಂಗಿನಕಾಯಿ ಕಟ್ಟಿ ಗುಂಡು ಹೊಡೆಯುವ ಪಂದ್ಯ ಇರುತ್ತದೆ. ಅಪ್ಪ ನನ್ನ ಕೈಗೆ ಒಂದೇ ತೋಟಾ ಕೊಡುತ್ತಿದ್ದರು. ತಪ್ಪಿದರೆ ಮುಂದಿನ ವರ್ಷ. ಎರಡನೇದು ಕೇಳಿದರೆ ಅವರು ಉತ್ತರವನ್ನೇ ಕೊಡುತ್ತಿರಲಿಲ್ಲ, ಕೋವಿ ಒರೆಸುತ್ತಾ ಕೂರುತ್ತಿದ್ದರು. ಇಲ್ಲಿಗೆ ಬಂದ ಮೇಲೂ ನಾನು ಒಂದೇ ಈಡಿನ ಕೋವಿ ಕೊಂಡದ್ದು ಆ ಅಭ್ಯಾಸಕ್ಕೇ ಇರಬೇಕು. ಮಡಚು, ತೋಟಾ ಹಾಕು, ಮುಚ್ಚು, ಕುದುರೆ ಎಳೆ. ಅಷ್ಟೇ.

ಮೊದಲ ವರ್ಷ ಅಂಗಡಿಯ ತೋಟಾ ಡಬ್ಬಿ ತಂದು ಹೊಡೆದೆ. ನೂರು ಗಜದಲ್ಲಿ ಮೂರು ಗುಂಡು ಊಟದ ತಟ್ಟೆಯಗಲ ಹರಡಿದವು. ಒಂದು ಬೆಳಿಗ್ಗೆ, ನಳಿಗೆಯ ಒಳಗಲ ತಿಳಿಯಲು, ಮೆತ್ತನೆಯ ಸೀಸದ ಉಂಡೆಯೊಂದನ್ನು ನಳಿಗೆಯೊಳಗೆ ಬಡಿದು ತೂರಿಸಿದೆ. ಆಚೆ ಬಿದ್ದದ್ದನ್ನು ಮೈಕ್ರೋಮೀಟರಿನಲ್ಲಿ ಅಳೆದರೆ .459 ಇಂಚು. ಡಬ್ಬಿಯ ಗುಂಡು .458. ಸಾವಿರದಲ್ಲೊಂದು ಇಂಚು ಸಡಿಲ! ಅಂಗಡಿಯವರು ಎಲ್ಲರ ಕಾಲಿಗೂ ಒಂದೇ ಅಳತೆಯ ಚಪ್ಪಲಿ ಮಾಡುತ್ತಾರೆ. ನನ್ನ ನಳಿಗೆ ಎಷ್ಟಗಲ ಅಂತ ಅವರಿಗೇನು ಗೊತ್ತು?

ಅವತ್ತಿನಿಂದ ನಾನೇ ಎರಕ ಹೊಯ್ಯುತ್ತೇನೆ. ಇಪ್ಪತ್ತು ಪಾಲು ಸೀಸಕ್ಕೆ ಒಂದು ಪಾಲು ತವರ. ಗ್ಯಾರೇಜಿನ ಬಾಗಿಲು ಪೂರ್ತಿ ತೆರೆದಿರಬೇಕು. ಅಚ್ಚು ಕಾಯುವವರೆಗೆ ಐದಾರು ಗುಂಡು ಸುಕ್ಕುಸುಕ್ಕಾಗಿ ಬರುತ್ತವೆ, ಕಾವಲಿಯ ಮೊದಲ ದೋಸೆ ಹಾಗೆ. ಅವನ್ನು ವಾಪಸ್ ಪಾತ್ರೆಗೆ ಹಾಕುವುದು. ಆಮೇಲಿನವು ಬೆಳ್ಳಿಯ ಹಾಗೆ ಹೊಳೆಯುತ್ತಾ ಒದ್ದೆ ಟವೆಲಿನ ಮೇಲೆ ಚುಂಯ್ ಅಂತ ಬೀಳುತ್ತವೆ. .460 ಇಂಚಿಗೆ ಅಳತೆ ಮಾಡಿ, ಗುಂಡಿನ ಸುತ್ತಲಿನ ಗೀರುಗಳಿಗೆ ಜೇನುಮೇಣ ತುಂಬಿದರೆ ಮುಗಿಯಿತು. ಈಗ ಅದೇ ಮೂರು ಗುಂಡು ಕಾಫಿ ಲೋಟದ ಬಾಯಿಯೊಳಗೆ ಬೀಳುತ್ತವೆ. ಅದೇ ವಾರ ನಳಿಗೆ ಕೆಳಗಿನ ಮರದ ಸ್ಕ್ರೂಗೆ ಒಂದು ರಬ್ಬರ್ ಉಂಗುರ ಹಾಕಿದ್ದೂ ನಿಜ. ಮರ ನಳಿಗೆಯನ್ನು ಒತ್ತಿದರೆ ಈ ಮಾದರಿಯ ಕೋವಿ ಗುರಿ ಬದಲಿಸುತ್ತದೆ, ಎಲ್ಲರಿಗೂ ಗೊತ್ತಿರುವ ಮಾತು. ಆದರೆ ಶ್ರೇಯಸ್ಸು ಗುಂಡಿಗೇ ಅಂತ ನನ್ನ ವಾದ.

ಭಾರದ ಗುಂಡು ನಿಧಾನಕ್ಕೆ ಹೋಗುತ್ತದೆ, ಸೆಕೆಂಡಿಗೆ ಸುಮಾರು 1,330 ಅಡಿ. ಜಿಂಕೆಯ ಈ ಪಕ್ಕೆಯಲ್ಲಿ ಹೊಕ್ಕು ಆ ಪಕ್ಕೆಯಲ್ಲಿ ಹೊರಡುತ್ತದೆ. ಎರಡು ತೂತು, ರಕ್ತದ ಜಾಡು ಸ್ಪಷ್ಟ. ಸುತ್ತಲಿನ ಮಾಂಸ ಹಾಳಾಗುವುದು ಕಡಿಮೆ. ಹಗುರ ಗುಂಡಿನವರ ಜಿಂಕೆಯನ್ನು ಸುಲಿಯಲು ಹೋಗಿದ್ದೇನೆ. ಭುಜದ ಮಾಂಸ ಹೆಪ್ಪುಗಟ್ಟಿದ ರಕ್ತದ ಜೆಲ್ಲಿ ಆಗಿತ್ತು, ಅರ್ಧ ನಾಯಿಗೆ ಹೋಯಿತು.

ಸೀಸ ವಿಷ ಅಂತ ಎದುರಿನವರು ಹೇಳಿಯೇ ಹೇಳುತ್ತಾರೆ. ಅವರ ಗುಂಡಿನ ತಾಮ್ರದ ಹೊದಿಕೆಯೊಳಗೆ ಇರುವುದೇನು, ಒಬ್ಬಟ್ಟಿನ ಹೂರಣವೇ? ದೂರಕ್ಕೆ ಹೊಡೆಯಲಾಗುವುದಿಲ್ಲ ಅಂತಲೂ ಹೇಳುತ್ತಾರೆ. ಹತ್ತಿರ ಹೋಗಿ ಸ್ವಾಮಿ. ಅದಕ್ಕೇ ಬೇಟೆ ಅನ್ನುವುದು.

ವಿರೋಧ: ಡಬ್ಬಿಯ ಗುಂಡಿಗೇನು ಕಮ್ಮಿ

ಈ ಕಡೆ ಬರೆಯಲು ಯಾರೂ ಸಿಗಲಿಲ್ಲವಂತೆ, ನನಗೆ ಹೇಳಿದರು. ಬರೆಯುತ್ತೇನೆ.

ನಾನು ಅಂಗಡಿಗೆ ಹೋಗಿ ಇಪ್ಪತ್ತರ ಡಬ್ಬಿ ತರುವವನು. ಹಾರ್ನಡಿ ಕಂಪನಿಯ 325 ಗ್ರೇನಿನದ್ದು, ಮೂಗಿಗೆ ಮೆತ್ತನೆಯ ಪ್ಲಾಸ್ಟಿಕ್ ಚೂಪು. ಸೆಕೆಂಡಿಗೆ 2,050 ಅಡಿ. ಒಂದರ ಹಿಂದೆ ಒಂದು ತೋಟಾ ಕೂರುವ ಕೊಳವೆ ಮ್ಯಾಗಜೀನಿನಲ್ಲಿ ಗಟ್ಟಿ ಚೂಪು ಮುಂದಿನ ತೋಟಾದ ಕೇಪಿಗೆ (ಬುಡದಲ್ಲಿ ಕಿಡಿ ಹೊತ್ತಿಸುವ ಭಾಗಕ್ಕೆ) ಕುಟ್ಟಬಾರದು ಅಂತ ಆ ಮೆತ್ತನೆ ಮೂಗು ಮಾಡಿದ್ದು. ನಮ್ಮ ಕೋವಿಯಲ್ಲಿ ಇರುವುದೇ ಒಂದು ತೋಟಾ. ಮೂಗು ಮೆತ್ತಗೆ ಇರಬೇಕಾದ್ದೇನೂ ಇಲ್ಲ. ಆದರೂ ಚೂಪು ಚೂಪೇ, ಗಾಳಿ ಸೀಳಿಕೊಂಡು ಹೋಗುತ್ತದೆ.

ನೂರು ಗಜದಲ್ಲಿ ಮೂರು ಇಂಚು ಮೇಲೆ ಬೀಳುವಂತೆ ಹೊಂದಿಸಿಟ್ಟರೆ ಇನ್ನೂರರಲ್ಲಿ ನಾಲ್ಕು ಇಂಚು ಕೆಳಗೆ. ಅವರ 405 ಗ್ರೇನಿನದ್ದನ್ನು ನೂರಕ್ಕೆ ಹೊಂದಿಸಿದರೆ ಇನ್ನೂರರಲ್ಲಿ ಎರಡು ಅಡಿ ಇಳಿದಿರುತ್ತದೆ. ಜಿಂಕೆಯ ಎದೆಯೇ ಒಂದೂವರೆ ಅಡಿ. ಸಾವಿರದಲ್ಲೊಂದು ಇಂಚಿನ ಕಥೆ ಕೇಳಿ ಕೇಳಿ ಸಾಕಾಗಿದೆ. ಜಿಂಕೆ ಮೈಕ್ರೋಮೀಟರ್ ಹಿಡಿದುಕೊಂಡು ಬರುವುದಿಲ್ಲ.

ಹೊಲದ ಅಂಚಿನಲ್ಲಿ ದೂರ ಅಂದಾಜು ಮಾಡುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಒಹಾಯೋದಲ್ಲಿ 2014ರಲ್ಲಿ ನೇರ ಗೋಡೆಯ (ಕುತ್ತಿಗೆ ಸಣ್ಣಗಾಗದ, .45-70 ಥರದ) ತೋಟಾಗಳಿಗೆ ಅನುಮತಿ ಸಿಕ್ಕಿದ ಮೇಲೆಯೇ ನಾನು ಈ ರೈಫಲ್ ಕೊಂಡದ್ದು. ಥ್ಯಾಂಕ್ಸ್‌ಗಿವಿಂಗ್ ಆದ ಸೋಮವಾರ, ಬೇಟೆ ವಾರದ ಮೊದಲ ದಿನ. ಗೆಳೆಯರೊಬ್ಬರು ಎರಕ ಹೊಯ್ದ ಸೀಸದ ತೋಟಾ ಐದು ಕೊಟ್ಟಿದ್ದರು. ಕಿತ್ತಳೆ ಜಾಕೆಟ್ಟು, ಮೊಣಕಾಲಿನವರೆಗೆ ಹಿಮ, ಥರ್ಮಾಸಿನಲ್ಲಿ ಬಿಸಿಬೇಳೆ ಬಾತ್. ಕಟಾವಾದ ಸೋಯಾ ಹೊಲಕ್ಕೆ ಒಂದು ಹೆಣ್ಣು ಜಿಂಕೆ ಬಂತು. ನೂರು ಗಜ ಅಂದುಕೊಂಡು ಹೊಡೆದೆ. ಹೊಟ್ಟೆಯ ಕೆಳಗೆ ಹಿಮ ಹಾರಿತು. ಜಿಂಕೆ ತಲೆಯೆತ್ತಿ ನನ್ನನ್ನೇ ನೋಡಿತು, ಯಾರೋ ಬಾಗಿಲು ಬಡಿದ ಹಾಗೆ. ಗ್ಲೌಸು ಹಾಕಿದ ಕೈಯಲ್ಲಿ ಎರಡನೇ ತೋಟಾ ತೆಗೆಯಹೋದೆ, ಜಾರಿ ಹಿಮದೊಳಗೆ ಹೋಯಿತು. ಅದನ್ನು ಹುಡುಕಿ ಎದ್ದಾಗ ಹೊಲ ಖಾಲಿ. ಆಮೇಲೆ ಹೆಜ್ಜೆ ಹಾಕಿ ಅಳೆದೆ, ನೂರಾ ಎಪ್ಪತ್ತು. ಬಾತ್ ಮಾತ್ರ ಇನ್ನೂ ಬಿಸಿಯಾಗಿತ್ತು.

ಇನ್ನೊಂದು ಮಾತು. ಅಂಗಡಿಯ ತೋಟಾದ ಒತ್ತಡಕ್ಕೆ ಮಿತಿ ಇದೆ, ಚದರ ಇಂಚಿಗೆ 28,000 ಪೌಂಡ್. ಹಳೇ ಸ್ಪ್ರಿಂಗ್‌ಫೀಲ್ಡ್‌ಗಳು ಇನ್ನೂ ಜನರ ಮನೆಯಲ್ಲಿವೆ, ಅದಕ್ಕೆ. ಗ್ಯಾರೇಜಿನಲ್ಲಿ ಗಟ್ಟಿ ಕೋವಿಗೆ ಅಂತ ತುಂಬಿದ ತೋಟಾ ಅಪ್ಪಿತಪ್ಪಿ ಅಂಥ ಕೋವಿಗೆ ಹೋದರೆ ಕೈ ಉಳಿಯುವುದಿಲ್ಲ.

ಸೀಸದ ಮಾತೂ ಹೇಳಬೇಕಲ್ಲ. 2008ರಲ್ಲಿ ನಾರ್ತ್ ಡಕೋಟಾದಲ್ಲಿ, ಬಡವರಿಗೆ ಹಂಚಲು ದಾನ ಬಂದ ಜಿಂಕೆ ಮಾಂಸದಲ್ಲಿ ಸೀಸದ ಚೂರು ಸಿಕ್ಕಿ ಎಸೆಯಲು ಹೇಳಿದರು. 2019ರ ಜುಲೈಯಿಂದ ಕ್ಯಾಲಿಫೋರ್ನಿಯಾದಲ್ಲಿ ಬೇಟೆಗೆ ಸೀಸದ ಗುಂಡೇ ಇಲ್ಲ. ಇದು ನನ್ನ ಡಬ್ಬಿಗೂ ತಾಗುವ ಮಾತು ಅನ್ನಿ. ಪೂರ್ತಿ ತಾಮ್ರದ ಗುಂಡೂ ಸಿಗುತ್ತದೆ, ನಾನು ಇನ್ನೂ ತಂದಿಲ್ಲ.

ಇಲ್ಲಿಯವರೆಗೆ ನಾನು ಹೊಡೆದದ್ದು ಒಂದೇ ಜಿಂಕೆ, ನಲವತ್ತು ಗಜದಲ್ಲಿ. ಅಷ್ಟು ಹತ್ತಿರಕ್ಕೆ ಯಾವ ಗುಂಡಾದರೂ ಆಗುತ್ತಿತ್ತು. ಗೆಳೆಯರು ಕೊಟ್ಟ ಐದರಲ್ಲಿ ನಾಲ್ಕು ತೋಟಾ ಎಂಟಿಆರ್ ಜಾಮೂನು ಡಬ್ಬದಲ್ಲಿ ಹಾಗೇ ಇವೆ. ಹಿಮದಲ್ಲಿ ಬಿದ್ದದ್ದನ್ನೂ ಒರೆಸಿ ಇಟ್ಟಿದ್ದೇನೆ.